ಇಬ್ಬರೂ ಕೂಡಿ ತುಂಬಿದ ಅರ್ಜಿ

"ನೀವು ಹಾಸಿಗೆ ಹಾಸ್ಕೊಂಡಿದೀರಲ್ಲ, ಆ ಕೋಣೆ ಇರೋ ಜಾಗ್ದಲ್ಲಿ ನಮ್ಮ ಅವರೆ ಅಕ್ಕಡಿ ಇತ್ತು ಕಣವ್ವ. ಇಗೋ, ಒಲೆ ಇಟ್ಟಿದೀರಲ್ಲ, ಅಲ್ಲಿ ಹುಚ್ಚೆಳ್ಳು."

ರಾಜಾಜಿನಗರಕ್ಕೆ ಬಂದ ಮೊದಲ ಬೆಳಗ್ಗೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಹೇಳಿದವರು ನಂಜಮ್ಮ, ನಮ್ಮ ಬೀದಿಯ ಹಿಂದಿನ ಹಳೆಯ ಊರಿನ ಗೌಡರ ಮನೆಯವರು. ಕಂಕುಳಲ್ಲಿ ಒಂದು ಚೊಂಬು ಮಜ್ಜಿಗೆ ಇಟ್ಟುಕೊಂಡು, ಹೇಳದೆ ಕೇಳದೆ ಒಳಗೆ ಬಂದು, ನಮ್ಮ ಸಿಮೆಂಟು ನೆಲವನ್ನೇ ನೋಡುತ್ತ ನಿಂತಿದ್ದರು. ರಾಗಿ ಹೊಲದ ನಡುನಡುವೆ ಹಾಕುವ ಅವರೆ, ಹುಚ್ಚೆಳ್ಳಿನ ಸಾಲಿಗೆ ಈ ಕಡೆ ಅಕ್ಕಡಿ ಎನ್ನುತ್ತಾರೆ. ಅದು ನನಗೆ ಆಗ ಗೊತ್ತಿರಲಿಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಾಯಿಸಿ, ಟ್ರಂಕಿನ ಮೇಲೆ ಕೂತು, ಸೊಂಟ ಮುರಿದುಕೊಂಡು ಬಂದು, ಕಡೆಗೆ ಯಾರದೋ ಹೊಲದಲ್ಲಿ ಕಣ್ಣು ಬಿಟ್ಟಿದ್ದೇನೆ ಎಂಬುದಷ್ಟೇ ತಿಳಿಯಿತು. ಎದ್ದು ಅಳಬೇಕು ಅನ್ನಿಸಿತು. ಮಜ್ಜಿಗೆ ತಗೊಂಡೆ.

ಹೊಸಪೇಟೆಯ ನಮ್ಮ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಟೀಚರು ಮೊನ್ನೆ ಒಂದು ಕಾಗದ ಬರೆದಿದ್ದಾರೆ. "ಶಾಲೆಯ ಸಂಚಿಕೆ ತರ್ತಾ ಇದ್ದೀವಿ. ನಮ್ಮ ಹುಡುಗಿಯರು ಈಗ ಬೆಂಗಳೂರಿಗೆ ಓದಾಕ ಹೋಗ್ತಾರ. ಅಲ್ಲಿ ಕಾಲೇಜು ಸೇರೂದು ಹೆಂಗ, ವಿಷಯ ಆರಿಸಿಕೊಳ್ಳೂದು ಹೆಂಗ, ನಿನ್ನ ಅನುಭವ ಬರೆದು ಕಳಿಸವಾ ಪಾರ್ವತಿ" ಎಂದು. ಸರಿ, ಬರೆಯುತ್ತೇನೆ. ಆದರೆ ನಾನು ವಿಷಯ ಆರಿಸಿಕೊಂಡ ಕತೆ ಹೇಳಬೇಕಾದರೆ ನಂಜಮ್ಮನ ಮಗಳು ರತ್ನಳ ಓದು ನಿಂತ ಕತೆಯನ್ನೂ ಹೇಳಬೇಕಾಗುತ್ತದೆ. ಬಿಟ್ಟು ಬರೆಯಲು ಎರಡು ಸಲ ಕೂತೆ, ಆಗಲಿಲ್ಲ.

ಬಳ್ಳಾರಿ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ನಮ್ಮಣ್ಣನಿಗೆ ಬೆಂಗಳೂರಿನ ಕಚೇರಿಗೆ ವರ್ಗವಾಯಿತು. ಅಪ್ಪ ಅವ್ವ ಇಬ್ಬರೂ ಇಲ್ಲದ ನಾನು ಅಣ್ಣ ಅತ್ತಿಗೆಯ ಜೊತೆ ಬಂದೆ, ಇನ್ನೆಲ್ಲಿಗೆ ಹೋಗಲಿ. ಎಸ್ಸೆಸ್ಸೆಲ್ಸಿ ಆಗಿತ್ತು, ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅಣೆಕಟ್ಟಿನ ಕ್ಯಾಂಪಿನ ಆಸ್ಪತ್ರೆಯಿಂದ ನಮ್ಮ ಶಾಲೆಗೆ ಸೂಜಿ ಹಾಕಲು ಬರುತ್ತಿದ್ದ ಡಾಕ್ಟರಮ್ಮ ನಿಮಗೆ ನೆನಪಿರಬೇಕು. ಆಕೆ ಜೀಪಿನಿಂದ ಇಳಿದರೆ ಎಂಜಿನಿಯರುಗಳೂ ಬೀಡಿ ಮುಚ್ಚಿಟ್ಟು ಎದ್ದು ನಿಲ್ಲುತ್ತಿದ್ದರು. ನನಗೆ ರೋಗಿಗಳ ಮೇಲೆ ದಯೆ ಗಿಯೆ ಏನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಬಂದರೂ ಹಾಗೆ ಎದ್ದು ನಿಲ್ಲಬೇಕು ಎಂಬ ಆಸೆ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರಾಗಬೇಕಾದರೆ ಇಂಟರ್‌ಮೀಡಿಯಟ್‌ನಲ್ಲಿ ವಿಜ್ಞಾನ ತಗೊಳ್ಳಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಇಲ್ಲಿಯ ಜೂನ್ ತಿಂಗಳು ನಮ್ಮ ಜೂನ್ ತಿಂಗಳಲ್ಲ. ನಮ್ಮಲ್ಲಿ ಮಳೆಗೆ ಆಕಾಶ ನೋಡುತ್ತೇವೆ. ಇಲ್ಲಿ ದಿನವಿಡೀ ಜಿಟಿಜಿಟಿ ಎಂದು, ಅತ್ತ ಮಳೆಯೂ ಅಲ್ಲದ ಇತ್ತ ಬಿಸಿಲೂ ಅಲ್ಲದ ಮಬ್ಬು. ಹರವಿದ ಬಟ್ಟೆ ಒಣಗುವುದಿಲ್ಲ. ಬೀದಿಗೆ ಆರು ಮನೆ, ನಡುವೆ ಖಾಲಿ ಸೈಟುಗಳು, ಕೆಂಪು ಕೆಸರು. ಆಚೆ ಕಾಮಾಕ್ಷಿಪಾಳ್ಯದ ಕಡೆ ಇನ್ನೂ ರಾಗಿ, ಸೊಪ್ಪಿನ ಮಡಿ. ಬೆಳಗ್ಗೆ ಬಿನ್ನಿಪೇಟೆಯಿಂದ ಗಿರಣಿಯ ಕೂಗು ಕೇಳಿದರೆ ಅತ್ತಿಗೆ ಒಲೆ ಹಚ್ಚುತ್ತಿದ್ದಳು. ಜೋಳ ಸಿಕ್ಕುತ್ತಿರಲಿಲ್ಲ, ಸಿಕ್ಕಿದ್ದು ಹಳೆಯದು, ತಟ್ಟಿದರೆ ರೊಟ್ಟಿ ಒಡೆಯುತ್ತಿತ್ತು. ಅತ್ತಿಗೆ ಒಡೆದ ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊಗೆಗೆ ಎಂದು ಹೇಳುತ್ತಿದ್ದಳು.

ಆ ಮಬ್ಬಿನಲ್ಲಿ ನನಗೆ ಸಿಕ್ಕಿದವಳು ರತ್ನ. ನನ್ನ ವಯಸ್ಸೇ. ಅವಳೂ ಆ ವರ್ಷವೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಅವರ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಮಾತಿಗಿಂತ ನಗು ಜಾಸ್ತಿ. ನಾನು ಬಾಯಿ ತೆರೆದರೆ ಸಾಕು, "ಅಮ್ಮಾ, ಬಾ ಇಲ್ಲಿ, ಇವ್ಳು ಮಾತಾಡೋದ್ ಕೇಳು. ಪ್ರೀತಿಯಿಂದ ಮಾತಾಡಿದ್ರೂ ಜಗಳಕ್ಕೆ ಬಂದಂಗಿದೆ" ಎಂದು ಬಿದ್ದುಬಿದ್ದು ನಗುತ್ತಿದ್ದಳು.

"ನೀವ್ ಮಾತಾಡೂದು ಅರ್ಧ ನುಂಗಿ ಮಾತಾಡ್ತೀರಿ. ನಿಮ್ಮ ಮುದ್ದಿ ನುಂಗಿದಂಗ," ಎಂದು ನಾನೂ ಬಿಡುತ್ತಿರಲಿಲ್ಲ.

ಮುದ್ದೆ ನುಂಗಲು ಕಲಿಸಿದವಳೂ ಅವಳೇ. ಅಗಿದರೆ ನಂಜಮ್ಮ ಮುಖ ಕಿವುಚುತ್ತಿದ್ದರು. ಮಾಗಡಿ ರಸ್ತೆಯ ಟೋಲ್‌ಗೇಟಿಗೆ ಯಾವ ಹೊಲದ ಬದುವಿನಲ್ಲಿ ನಡೆದರೆ ಕೆಸರಿಲ್ಲ, ಯಾವ ಬಸ್ಸಿನ ಕಂಡಕ್ಟರು ಹೆಣ್ಣುಮಕ್ಕಳಿಗೆ ಒಂದು ನಿಮಿಷ ನಿಲ್ಲಿಸುತ್ತಾನೆ, ಮೆಜೆಸ್ಟಿಕ್ಕಿನಲ್ಲಿ ಇಳಿದು ಎಡಕ್ಕೆ ನಡೆಯಬೇಕೋ ಬಲಕ್ಕೋ, ಎಲ್ಲವನ್ನೂ ಅವಳಿಂದ ಕಲಿತೆ. ಒಂದು ತಿಂಗಳು ಅವಳ ಸೆರಗು ಬಿಟ್ಟು ನಾನು ರಸ್ತೆ ದಾಟಿದ್ದಿಲ್ಲ.

ಇನ್ನು ಕಾಲೇಜು ಸೇರುವ ಕ್ರಮ. ಹುಡುಗಿಯರೇ, ಸರಿಯಾಗಿ ಕೇಳಿಕೊಳ್ಳಿ. ಮೊದಲು ಕಾಲೇಜಿನ ಕೌಂಟರಿನಲ್ಲಿ ನಿಯಮಗಳ ಪುಸ್ತಕವನ್ನೂ ಅರ್ಜಿಯನ್ನೂ ತರಬೇಕು. ಅರ್ಜಿಯ ಜೊತೆ ಎಸ್ಸೆಸ್ಸೆಲ್ಸಿ ಪುಸ್ತಕ, ಶಾಲೆ ಬಿಟ್ಟ ಪತ್ರ. ನಾನು ಮದರಾಸು ಕಡೆಯ ಪರೀಕ್ಷೆ ಪಾಸಾದವಳು, ಹಾಗಾಗಿ ನನಗೆ ಇನ್ನೊಂದು ಪತ್ರ ಬೇಕಾಯಿತು. ನಿಮಗೆ ಈಗ ಆ ತೊಂದರೆ ಇಲ್ಲ. ಇಂಗ್ಲಿಷ್ ಎಲ್ಲರಿಗೂ ಉಂಟು. ಎರಡನೆಯ ಭಾಷೆ ನಿಮ್ಮ ಇಷ್ಟ, ನಾವು ಕನ್ನಡವೇ ಬರೆದೆವು. ಆಮೇಲೆ ಮೂರು ಆಪ್ಷನಲ್ಸ್, ಅಂದರೆ ನಾವೇ ಆರಿಸುವ ವಿಷಯ. ಮೂರನ್ನೂ ಮನಸ್ಸಿಗೆ ಬಂದಂತೆ ಹೆಕ್ಕಿಕೊಳ್ಳಲು ಬಿಡುವುದಿಲ್ಲ. ಒಂದೋ ಚರಿತ್ರೆ, ಅರ್ಥಶಾಸ್ತ್ರ, ತರ್ಕಶಾಸ್ತ್ರದ ಕಟ್ಟು, ಇಲ್ಲವೇ ಭೌತ, ರಸಾಯನ, ಜೀವಶಾಸ್ತ್ರದ ಕಟ್ಟು, ಹೀಗೆ ಕಟ್ಟುಗಳಿರುತ್ತವೆ. ಅಂಕ ನೋಡಿ ಪಟ್ಟಿ ಹಾಕುತ್ತಾರೆ. ತರಗತಿ ಶುರುವಾದ ಮೇಲೆ ಮೂರು ವಾರದೊಳಗೆ ಕಟ್ಟು ಬದಲಾಯಿಸಲು ಅವಕಾಶವಿದೆ, ಆ ಕಡೆ ಸ್ಥಾನ ಖಾಲಿ ಇದ್ದರೆ. ಮನೆಯ ಹಿರಿಯರ ರುಜು ಬೇಕು. ಗಡುವು ಮುಗಿದರೆ ಮುಗಿಯಿತು, ದೇವರು ಬಂದರೂ ಇಲ್ಲ.

ಇದು ಪುಸ್ತಕದಲ್ಲಿರುವ ನಿಯಮ. ನಮ್ಮ ಬೀದಿಯ ನಿಯಮ ಬೇರೆ ಇತ್ತು. ಅದಕ್ಕೆ 'ಜೊತೆ' ಎನ್ನುತ್ತಿದ್ದರು.

ಆ ಬಡಾವಣೆಯಲ್ಲಾಗಲಿ ಹಳೆಯ ಊರಿನಲ್ಲಾಗಲಿ ಹೆಣ್ಣುಮಗಳನ್ನು ಒಬ್ಬಳನ್ನೇ ಬಸ್ಸು ಹತ್ತಿಸುತ್ತಿರಲಿಲ್ಲ. ಜೊತೆ ಸಿಕ್ಕಿದರೆ ಕಾಲೇಜು, ಇಲ್ಲದಿದ್ದರೆ ಮನೆ. ಜೊತೆ ಎಂದರೆ ಹೋಗುವಾಗಲೂ ಬರುವಾಗಲೂ ಒಟ್ಟಿಗೆ. ಹಾಗಾಗಿ ವಿಷಯ ಆರಿಸುವುದು ಬುದ್ಧಿಯ ಮೇಲಲ್ಲ, ತರಗತಿ ಬಿಡುವ ಹೊತ್ತಿನ ಮೇಲೆ. ಇಬ್ಬರದೂ ಒಂದೇ ಕಟ್ಟಾದರೆ ಒಂದೇ ಬಸ್ಸು. ಈ ಮಾತು ಹೊಸಪೇಟೆಯಲ್ಲಿ ಹೇಳಿದರೆ ನಗುತ್ತಾರೆ. ಅಲ್ಲಿ ಇಡೀ ಪೇಟೆಯೇ ಜೊತೆ. ಕಾಲೇಜು ಇದ್ದಿದ್ದರೆ ಒಬ್ಬಳೇ ನಡೆದು ಹೋಗುತ್ತಿದ್ದೆ, ಹತ್ತು ಜನ 'ಯಾಕವಾ ತಡ' ಅಂತ ಕೇಳುತ್ತಿದ್ದರು, ಮುಗಿಯಿತು.

ರತ್ನಳ ತಂದೆ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಅವಳ ದೊಡ್ಡಪ್ಪನದು. ಬಡಾವಣೆಗೆ ಹೊಲ ಹೋದ ಮೇಲೆ ಉಳಿದ ಎರಡು ತುಂಡು ಭೂಮಿಯಲ್ಲಿ ಹಗಲೆಲ್ಲ ಇರುತ್ತಿದ್ದರು, ನಾಲ್ಕೂವರೆಗೆ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಹುಡುಗಿ ಅಷ್ಟರೊಳಗೆ ಮನೆಯಲ್ಲಿರಬೇಕು, ಪಕ್ಕದ ಬಳ್ಳಾರಿಯವರ ಹುಡುಗಿ ಜೊತೆಗಿರಬೇಕು, ಈ ಎರಡು ಷರತ್ತಿನ ಮೇಲೆ ನಂಜಮ್ಮ ಅವರಿಂದ ಒಪ್ಪಿಗೆ ಗಿಟ್ಟಿಸಿದ್ದರು. ಮೂರು ದಿನ ಊಟ ಬಿಟ್ಟು ಗಿಟ್ಟಿಸಿದ್ದು ಅದು. ನಮ್ಮಣ್ಣನದೂ ಅದೇ ರಾಗ. "ನೋಡವಾ, ನನಗ ಈ ಊರಾಗ ದಿಕ್ಕು ತಿಳಿಯಂಗಿಲ್ಲ. ಗೌಡ್ರ ಹುಡುಗಿ ಜೊತಿ ಇದ್ರ ಹೋಗು. ಇಲ್ಲಾಂದ್ರ ಬ್ಯಾಡ."

ರತ್ನ ಶಾಲೆಯಲ್ಲಿ ವಿಜ್ಞಾನ ಓದಿರಲಿಲ್ಲ. ಅವಳಿಗೆ ಸಿಗುವುದು ಚರಿತ್ರೆಯ ಕಟ್ಟು ಮಾತ್ರ. ಹಾಗಾದರೆ ನನಗೂ ಅದೇ.

ಅರ್ಜಿ ತುಂಬಿದ್ದು ಅವರ ಮನೆಯ ನಡುಮನೆಯಲ್ಲಿ. ನಂಜಮ್ಮ ಎರಡೂ ಅರ್ಜಿಗಳನ್ನು ದೇವರ ಮುಂದೆ ಇಟ್ಟು, ಮೂಲೆಗೆ ಕುಂಕುಮ ಹಚ್ಚಿ ನಮ್ಮ ಮುಂದಿಟ್ಟರು. ಅವರಿಗೆ ಓದು ಬರುವುದಿಲ್ಲ. "ಇಬ್ರೂ ಒಂದೇ ತರ ಬರೀರವ್ವ. ಒಂದಕ್ಷರ ಹೆಚ್ಚು ಕಮ್ಮಿ ಆಗ್ಬಾರ್ದು," ಎಂದು ಎದುರಿಗೇ ಕೂತರು. ವಿಷಯದ ಕಾಲಮ್ಮಿಗೆ ಬಂದಾಗ ನನ್ನ ಪೆನ್ನು ನಿಂತಿತು.

"ನಿಂಗೆ ಸೈನ್ಸ್ ಬೇಕಿತ್ತಲ್ವೇನೇ?" ರತ್ನ ಮೆಲ್ಲಗೆ ಕೇಳಿದಳು.

"ಇರ್ಲಿ ಬಿಡು. ಇದೂ ಓದೇ."

"ನಂಗೋಸ್ಕರ ಬಿಡ್ತಾ ಇದೀಯ ಅಂತ ಆಮೇಲೆ ಹಂಗಿಸ್ಬೇಡ."

"ನಿನ್ನ ಸಲುವಾಗಿ ಅಲ್ಲ ಬಿಡು, ಬಸ್ಸಿನ ಸಲುವಾಗಿ," ಎಂದೆ. ಇಬ್ಬರೂ ನಕ್ಕೆವು. ಚರಿತ್ರೆ, ಅರ್ಥಶಾಸ್ತ್ರ, ತರ್ಕಶಾಸ್ತ್ರ ಎಂದು ದುಂಡಗೆ ಬರೆದೆ. ಆ ಹೊತ್ತಿಗೆ ನಾನು ಮನಸ್ಸಿಟ್ಟೇ ಬರೆದಿದ್ದೆ ಎಂದು ಈಗಲೂ ಅನ್ನಿಸುತ್ತದೆ. ಒಬ್ಬಳೇ ಮನೆಯಲ್ಲಿ ಕೂತು ಆ ಮಬ್ಬು ನೋಡುವುದಕ್ಕಿಂತ ಏನಾದರೂ ಆಗಲಿ ಎಂದಿತ್ತು.

ಪಟ್ಟಿಯಲ್ಲಿ ಇಬ್ಬರ ಹೆಸರೂ ಬಂತು. ನೋಟೀಸ್ ಬೋರ್ಡಿನ ಮುಂದೆ ಹುಡುಗಿಯರ ನೂಕುನುಗ್ಗಲಿನಲ್ಲಿ ತುದಿಗಾಲ ಮೇಲೆ ನಿಂತು ವೇಳಾಪಟ್ಟಿ ನಕಲು ಮಾಡಿಕೊಂಡೆವು. ಮೂರಕ್ಕೆ ಬಿಡುತ್ತದೆ, ನಾಲ್ಕಕ್ಕೆ ಮನೆ. ನಂಜಮ್ಮ ಆ ದಿನ ಒಬ್ಬಟ್ಟು ಮಾಡಿದರು.

ಮೊದಲ ವಾರ ಚೆನ್ನಾಗಿತ್ತು. ಎರಡನೆಯ ವಾರ ನನಗೆ ಹೊಟ್ಟೆಕಿಚ್ಚು ಹತ್ತಿತು. ತರ್ಕದ ಪಾಠ ನಡೆಯುವ ಕೊಠಡಿಯ ಎದುರೇ ರಸಾಯನದ ಲ್ಯಾಬು. ಕಿಟಕಿಯಲ್ಲಿ ಆ ಹುಡುಗಿಯರು ಗಾಜಿನ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನಗಿಂತ ಕಡಿಮೆ ಅಂಕದವರು. ಮೇಷ್ಟರು 'ಎಲ್ಲ ಮನುಷ್ಯರೂ ಸಾಯುವವರು' ಎಂದು ಹೇಳಿಕೊಡುತ್ತಿದ್ದರೆ ನನಗೆ ಅದೊಂದು ಹೊಸ ವಿಷಯವೇ ಎಂದು ಸಿಟ್ಟು ಬರುತ್ತಿತ್ತು. ಆ ವಾರವೇ ಬೋರ್ಡಿನಲ್ಲಿ ಒಂದು ಚೀಟಿ ಬಂತು. ವಿಜ್ಞಾನದಲ್ಲಿ ಒಂದು ಸ್ಥಾನ ತೆರವಾಗಿದೆ, ಬದಲಾವಣೆ ಬೇಕಾದವರು ಅರ್ಜಿ ಕೊಡಬಹುದು. ರತ್ನ ಅದನ್ನು ನೋಡಲಿಲ್ಲ. ನಾನು ತೋರಿಸಲಿಲ್ಲ.

ಇನ್ನೊಂದು ಮಾತು. ಅಷ್ಟು ಹೊತ್ತಿಗೆ ನನಗೆ ಬಸ್ಸು ಗೊತ್ತಾಗಿತ್ತು, ದಾರಿ ಗೊತ್ತಾಗಿತ್ತು, ಕಂಡಕ್ಟರು ನನ್ನನ್ನೂ ಗುರುತಿಸುತ್ತಿದ್ದ. ಅಣ್ಣನ ಹೆದರಿಕೆಯೂ ಕಳೆದಿತ್ತು. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಏನನ್ನುತ್ತಾರೋ, ಆ ಗಾದೆಯನ್ನು ಶಾಲೆಯ ಸಂಚಿಕೆಯಲ್ಲಿ ಪೂರ್ತಿ ಬರೆಯಲು ಬರುವುದಿಲ್ಲ, ನಿಮಗೆಲ್ಲ ಗೊತ್ತಿದೆ.

ವಿಜ್ಞಾನದ ವೇಳಾಪಟ್ಟಿಯನ್ನು ಗುಟ್ಟಾಗಿ ಬರೆದುಕೊಂಡು ಬಂದು, ರತ್ನಳದರ ಪಕ್ಕ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡಿದೆ. ಆರು ದಿನದಲ್ಲಿ ನಾಲ್ಕು ದಿನ ಇಬ್ಬರಿಗೂ ಮೂರಕ್ಕೇ ಬಿಡುತ್ತದೆ. ಮಂಗಳವಾರ, ಗುರುವಾರ ಮಾತ್ರ ನನಗೆ ಐದರ ತನಕ ಪ್ರಾಕ್ಟಿಕಲ್. ಎರಡೇ ದಿನ! ಅಷ್ಟು ಹೊತ್ತು ರತ್ನ ಹುಡುಗಿಯರ ಕೋಣೆಯಲ್ಲಿ ಕೂತು ಓದಿಕೊಳ್ಳುತ್ತಾಳೆ, ಅವಳಿಗೂ ಒಳ್ಳೆಯದೇ. ದೊಡ್ಡಪ್ಪನಿಗೆ ನಂಜಮ್ಮ ಹೇಗೋ ಹೇಳುತ್ತಾರೆ. ಹೀಗೆ ರತ್ನಳ ಎರಡು ಸಂಜೆಗಳನ್ನು ನಾನೇ ಕೂತು ತೀರ್ಮಾನ ಮಾಡಿದೆ. ಅವಳನ್ನು ಕೇಳಬೇಕು ಎಂದು ಅನ್ನಿಸಲಿಲ್ಲ ಎಂದಲ್ಲ, ಅನ್ನಿಸಿತು. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಕೇಳಲಿಲ್ಲ.

ಬದಲಾವಣೆಯ ಅರ್ಜಿಗೆ ಅಣ್ಣ ರುಜು ಹಾಕುವಾಗ ಕೇಳಿದ. "ಗೌಡ್ರ ಹುಡುಗಿಗೆ ಹೇಳೀಯೇನು?"

"ಹೇಳೀನಿ," ಎಂದೆ.

ಶುಕ್ರವಾರ ಅರ್ಜಿ ಕೊಟ್ಟೆ, ಸೋಮವಾರ ಬದಲಾವಣೆ ಆಯಿತು. ಮಂಗಳವಾರ ಬೆಳಗ್ಗೆ ಬಸ್ಸಿನಲ್ಲಿ, ಮೆಜೆಸ್ಟಿಕ್ ಇನ್ನೇನು ಬಂತು ಎನ್ನುವಾಗ ರತ್ನಳಿಗೆ ಹೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತ ಕೂತಳು. ಬಸ್ಸಿಳಿದು ಎಷ್ಟೋ ದೂರ ನಡೆದ ಮೇಲೆ, "ಒಳ್ಳೇದಾಯ್ತು ಬಿಡೆ ನಿಂಗೆ," ಎಂದಳು. ಆಮೇಲೆ, "ನಿನ್ನೇನೇ ಹೇಳಿದ್ರೆ ಅಮ್ಮನ ಹತ್ರ ಏನಾದ್ರೂ ಹೇಳ್ಬರ್ತಿದ್ದೆ," ಎಂದಳು. ಅಷ್ಟೇ. ಜಗಳ ಆಡಿದ್ದರೆ ಚೆನ್ನಾಗಿತ್ತು.

ಆ ಸಂಜೆ ನಾವು ಊರು ಮುಟ್ಟಿದಾಗ ಆರು ದಾಟಿತ್ತು, ಇನ್ನೂ ಬೆಳಕಿತ್ತು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ನಂಜಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ.

"ಸ್ಪೆಷಲ್ ಕ್ಲಾಸ್ ಇತ್ತು ದೊಡ್ಡಪ್ಪ," ರತ್ನ ಚಪ್ಪಲಿ ಬಿಡುತ್ತಲೇ ಹೇಳಿದಳು. "ಎಲ್ರಿಗೂ ಇತ್ತು."

ದೊಡ್ಡಪ್ಪ ಅವಳ ಕಡೆ ನೋಡಲಿಲ್ಲ. ನನ್ನನ್ನು ಕೇಳಿದರು. "ಏನವ್ವ, ನೀನು ಹೇಳು. ನೀನು ದೂರದೋಳು, ಸುಳ್ಳು ಹೇಳಾಕಿಲ್ಲ. ಕಾಲೇಜು ಎಷ್ಟೊತ್ಗೆ ಬಿಡ್ತು?"

ನಾನು ಸುಳ್ಳು ಹೇಳಬಹುದಿತ್ತು. ಹಿಂದಿನ ವಾರ ಅಣ್ಣನಿಗೆ ಹೇಳಿದ್ದೆನಲ್ಲ. ಆದರೆ ಆ ಹಿರಿಯರು ಹಾಗೆ ಕೇಳಿದ್ದೇ ನನಗೊಂದು ಬಿರುದು ಕೊಟ್ಟಂತಾಯಿತು. ಇಂಥ ಮನೆಯ ಯಜಮಾನ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದಾರೆ ಎಂದು ಉಬ್ಬಿದೆ. ಹೊಸ ಊರಿನಲ್ಲಿ ಯಾರಾದರೂ ನಮ್ಮನ್ನು ಒಳ್ಳೆಯವರು ಎಂದರೆ ಬುದ್ಧಿ ಕೆಡುತ್ತದೆ, ಹುಡುಗಿಯರೇ, ಜೋಕೆ.

"ರತ್ನಂದು ಮೂರಕ್ಕ ಬಿಟ್ತ್ರಿ. ನಂದು ಪ್ರಾಕ್ಟಿಕಲ್ ಇತ್ತು, ಐದಕ್ಕ ಮುಗೀತು. ನನ್ನ ಸಲುವಾಗಿ ಕಾದ್ಲು."

"ಮೂರರಿಂದ ಐದರ್‌ವರ್ಗೂ ಎಲ್ಲಿದ್ಲು?"

"ಕಾಲೇಜಿನಾಗ. ಹುಡುಗೇರ ಕೋಣ್ಯಾಗ."

"ನೀನು ನೋಡ್ದಾ?"

ನಾನು ಲ್ಯಾಬಿನಲ್ಲಿದ್ದೆ, ಹೇಗೆ ನೋಡಲಿ. "ನಾ ನೋಡಿಲ್ರಿ, ಆದ್ರ..." ಎಂದೆ. ಆದರೆ ಎಂಬುದರ ಮುಂದಿನದನ್ನು ಕೇಳಲು ಅವರು ಕೂತಿರಲಿಲ್ಲ, ಎದ್ದು ಒಳಗೆ ಹೋದರು. ಬೈಗುಳವಿಲ್ಲ, ಕೂಗಾಟವಿಲ್ಲ. ರತ್ನ ಒಂದೇ ಒಂದು ಸಲ ನನ್ನ ಮುಖ ನೋಡಿದಳು.

ಬುಧವಾರ ಅವಳು ಬರಲಿಲ್ಲ. ಗುರುವಾರವೂ ಇಲ್ಲ. ನಾನು ಒಬ್ಬಳೇ ಟೋಲ್‌ಗೇಟಿಗೆ ನಡೆದೆ, ಒಬ್ಬಳೇ ಬಸ್ಸು ಹತ್ತಿದೆ. ಯಾರೂ ನನ್ನನ್ನು ತಡೆಯಲಿಲ್ಲ.

ಶುಕ್ರವಾರ ಸಂಜೆ ನಂಜಮ್ಮ ನಮ್ಮ ಮನೆಗೆ ಬಂದರು. ಯಾವಾಗಲೂ ಒಳಗೆ ನುಗ್ಗುತ್ತಿದ್ದವರು ಅವತ್ತು ಹೊಸ್ತಿಲಾಚೆ ನಿಂತು "ಬರ್ಲೇನವ್ವ?" ಎಂದು ಕೇಳಿದರು. ಅತ್ತಿಗೆ ಕೈ ಹಿಡಿದು ಕೂರಿಸಿದಳು.

"ಭಾವನೋರು ಕೇಳ್ತಾನೆ ಇಲ್ಲ. ಬಳ್ಳಾರಿ ಹುಡ್ಗಿದು ಇವ್ಳದು ಒಂದೇ ಹೊತ್ತಿಗೆ ಬಿಡಂಗಿದ್ರೆ ಕಳಿಸ್ತೀನಿ, ಇಲ್ದಿದ್ರೆ ಮಾಘದಲ್ಲಿ ಮದ್ವೆ ಅಂತಾವ್ರೆ. ರತ್ನ ಎರಡ್ ದಿನದಿಂದ ಅನ್ನ ಮುಟ್ಟಿಲ್ಲ." ಅವರು ನನ್ನ ಕಡೆ ತಿರುಗಿದರು. "ನಾಳೆ ಮಧ್ಯಾಹ್ನ ಹನ್ನೆರಡು ಗಂಟೆ ತನಕ ಬದ್ಲಾಯಿಸ್‌ಬೋದಂತಲ್ಲವ್ವ, ರತ್ನ ಹೇಳಿದ್ಲು. ಮೊದ್ಲಿದ್ದಂಗೇ ಬರ್ದುಕೊಡು ತಾಯಿ. ನಿನ್ ಕಾಲಿಗ್ ಬೀಳ್ತೀನಿ. ನೀನು ಓದೋಳು, ಯಾವ್ದಾದ್ರೂ ಓದ್ಕೊತೀಯ. ಅವ್ಳಿಗೆ ಇದ್ ಬಿಟ್ರೆ ಇನ್ನೊಂದಿಲ್ಲ."

ಅತ್ತಿಗೆ ಅಳುತ್ತಿದ್ದಳು, ಅವತ್ತು ಒಲೆ ಹೊತ್ತಿಸಿರಲಿಲ್ಲ. ನಾನು "ಆಗ್ಲಿ ಅಮ್ಮ, ಬರೀತೀನಿ," ಎಂದೆ. ನಂಜಮ್ಮ ನನ್ನ ಗಲ್ಲ ಸವರಿ ನೆಟಿಗೆ ಮುರಿದು ಹೋದರು. ಅವರೆದುರೇ ಅರ್ಜಿ ಬರೆದಿದ್ದೆ. ಅಣ್ಣ ರುಜು ಹಾಕಿ, "ಹಿಂಗ ದಿನಾ ಒಂದೊಂದು ಬರಿಯಾಕತ್ತಿದ್ರ ಆ ಕಾಲೇಜಿನವರು ಏನಂದಾರು," ಎಂದಷ್ಟೇ ಗೊಣಗಿದ.

ಆ ಶನಿವಾರ ತರಗತಿ ಇರಲಿಲ್ಲ, ಕಚೇರಿ ಮಾತ್ರ ತೆರೆದಿತ್ತು. ಹನ್ನೊಂದೂವರೆಗೆ ಕಾಲೇಜಿನ ಕೌಂಟರಿನ ಮುಂದೆ ನಿಂತೆ. ನನ್ನ ಮುಂದೆ ಮೂವರು. ಗುಮಾಸ್ತರ ಹಿಂದಿನ ಗೋಡೆಯ ಗಡಿಯಾರ ನನಗೆ ಸರಿಯಾಗಿ ಕಾಣುತ್ತಿತ್ತು. ಮೂವರು ಇಬ್ಬರಾದರು, ಒಬ್ಬಳಾದಳು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಏನಮ್ಮ? ಕೊಡು," ಎಂದು ಗುಮಾಸ್ತರು ಕೈ ಚಾಚಿದರು.

ಅರ್ಜಿ ನನ್ನ ಕೈಯಲ್ಲೇ ಇತ್ತು. ಕೊಡಬೇಕು ಎಂದೇ ಹೋಗಿದ್ದೆ, ದೇವರಾಣೆ. ಆದರೆ ಚಾಚಿದ ಆ ಕೈ ನೋಡಿದ ಕೂಡಲೇ ನನ್ನೊಳಗೆ ಏನೋ ಗಟ್ಟಿಯಾಗಿ ಕೂತುಬಿಟ್ಟಿತು. ನಾನು ಯಾಕೆ ಬಿಡಬೇಕು? ನಾಳೆ ಇನ್ನೇನಾದರೂ ನೆಪ ತೆಗೆದು ಅವಳಿಗೆ ಮದುವೆ ಮಾಡಿದರೆ ನನ್ನದೂ ಹೋಯಿತು, ಅವಳದೂ ಹೋಯಿತು. ನನಗೆ ತಂದೆ ಇಲ್ಲ, ತಾಯಿ ಇಲ್ಲ, ನನಗಾಗಿ ಮೂರು ದಿನ ಊಟ ಬಿಡುವವರು ಯಾರಿದ್ದಾರೆ? ಈ ಎಲ್ಲ ಮಾತೂ ಆಗಲೇ ಹೊಳೆಯಿತೋ, ಆಮೇಲೆ ಜೋಡಿಸಿಕೊಂಡೆನೋ, ಈಗ ಹೇಳಲಾರೆ.

"ಪ್ರಾಕ್ಟಿಕಲ್‌ಗೆ ನಂದು ಯಾವ ಬ್ಯಾಚು ಅಂತ ಕೇಳಾಕ ಬಂದಿದ್ದೆ ಸಾರ್," ಎಂದೆ.

"ಅದು ಬೋರ್ಡಲ್ಲಿ ಹಾಕಿದೆ, ಹೋಗಿ ನೋಡ್ಕೊ. ಸುಮ್ನೆ ಇಲ್ಲಿ ಕ್ಯೂ ಬೆಳೆಸ್ತೀರ."

ಹೋಗಿ ಬೋರ್ಡು ನೋಡಿದೆ. ನನ್ನ ಬ್ಯಾಚು ನನಗೆ ಮೊದಲೇ ಗೊತ್ತಿತ್ತು. ಹನ್ನೆರಡು ಹೊಡೆಯುವ ತನಕ ಅಲ್ಲೇ ನಿಂತು, ಅರ್ಜಿಯನ್ನು ಮಡಿಚಿ ರಸಾಯನದ ಪುಸ್ತಕದೊಳಗೆ ಇಟ್ಟುಕೊಂಡು ಹೊರಟೆ.

ಟೋಲ್‌ಗೇಟಿನಲ್ಲಿ ಬಸ್ಸು ಇಳಿದರೆ ನಂಜಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಸೆರಗು ಒದ್ದೆಯಾಗಿತ್ತು. ಅವರನ್ನು ಅಲ್ಲಿ ನೋಡುತ್ತೇನೆ ಎಂದುಕೊಂಡಿರಲಿಲ್ಲ, ಮಾತು ತಯಾರಿ ಮಾಡಿಕೊಂಡಿರಲಿಲ್ಲ. ಆದರೂ ಬಾಯಿಗೆ ಬಂತು.

"ನಾ ಹೋಗೂದ್ರಾಗ ಬಾಗಿಲು ಹಾಕಿಬಿಟ್ಟಿದ್ರು ಅಮ್ಮ. ಬಸ್ಸು ತಡ ಆತು. ಎಷ್ಟು ಬಡಕೊಂಡ್ರೂ ತೆಗೀಲಿಲ್ಲ."

ನಂಜಮ್ಮ ನನ್ನ ತಲೆಯ ಮೇಲಿನ ಹನಿಗಳನ್ನು ಸೆರಗಿನಿಂದ ಒರೆಸಿದರು. "ಹೋಗ್ಲಿ ಬಿಡವ್ವ, ಅಳ್ಬೇಡ. ನೀನೇನ್ ಮಾಡ್ತೀಯ. ನಮ್ ಹಣೇಲಿ ಇಲ್ಲ. ನಿನ್ ಕೈಲಾದ್ದು ಮಾಡ್ದೆ." ನಾನು ಅಳುತ್ತಿದ್ದೇನೆ ಎಂದು ಅವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ನಡೆದರು, ಕೆಸರಿದೆ, ಜಾರುತ್ತೀಯ ಎಂದು.

ಮಾಘದಲ್ಲಿ ರತ್ನಳ ಮದುವೆಯಾಯಿತು, ಕೆಂಗೇರಿಯ ಕಡೆಗೆ ಕೊಟ್ಟರು. ನನಗೆ ಮೆಡಿಕಲ್ ಸೀಟು ಸಿಗಲಿಲ್ಲ. ಅಂಕ ಸಾಲಲಿಲ್ಲ, ಯಾರನ್ನು ದೂರಲಿ. ಬಿ.ಎಸ್ಸಿ. ಮಾಡಿ ಇಲ್ಲೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ತರಗತಿಗೆ ಹೋದರೆ ನಲವತ್ತು ಹುಡುಗಿಯರು ಎದ್ದು ನಿಲ್ಲುತ್ತಾರೆ. ಒಂದೊಂದು ದಿನ 'ಕೂತ್ಕೊಳ್ಳಿ' ಎಂದು ಬೇಗ ಹೇಳಿ ಬೋರ್ಡಿನ ಕಡೆ ತಿರುಗಿಬಿಡುತ್ತೇನೆ.

ನೀವು ಊರಿನವರು ಸಿಕ್ಕಾಗಲೆಲ್ಲ ಕೇಳುತ್ತೀರಿ, ಬೆಂಗಳೂರು ಹೊಂದಿತೇನವಾ ಎಂದು. ಹೊಂದಿದೆ. ಮುದ್ದೆ ನುಂಗುತ್ತೇನೆ, ಬಾಯಲ್ಲಿ ಇಲ್ಲಿಯ ಮಾತೇ ಬರುತ್ತದೆ, ಹೊಸಪೇಟೆಗೆ ಬಂದರೆ ಬಿಸಿಲು ತಡೆಯುವುದಿಲ್ಲ, ನಿಮ್ಮ ಮಕ್ಕಳು 'ಬೆಂಗಳೂರು ಅತ್ತಿ ಬಂದ್ಲು' ಎನ್ನುತ್ತಾರೆ. ಇಲ್ಲಿ ಮಾತ್ರ ನಾನು ಈಗಲೂ ಬಳ್ಳಾರಿಯವರ ಹುಡುಗಿಯೇ. ನಂಜಮ್ಮನಿಗೆ ನನ್ನ ಮೇಲೆ ಪ್ರಾಣ. ಪ್ರತಿ ಜೂನ್‌ನಲ್ಲಿ ಹಳೆಯ ಊರಿನ ಹುಡುಗಿಯರನ್ನು ಅರ್ಜಿ ತುಂಬಲು ನನ್ನ ಹತ್ತಿರ ಕರೆತರುತ್ತಾರೆ. "ಇವಳನ್ನ ಕೇಳ್ಕೊಳ್ರವ್ವ. ನಮ್ ರತ್ನಂಗೋಸ್ಕರ ತನ್ನ ಓದನ್ನೇ ಬಿಡಾಕ್ ಹೋಗಿದ್ಲು, ಮಾರಾಯ್ತಿ. ಬಾಗ್ಲು ಹಾಕ್ಬಿಟ್ರು," ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಅರ್ಜಿ ತುಂಬಿಕೊಡುತ್ತೇನೆ. ಜೊತೆ ಇಲ್ಲದ ಹುಡುಗಿ ಬಂದರೆ ನಾನೇ ಬಸ್ಸು ಹತ್ತಿಸಿ ಬರುತ್ತೇನೆ, ನಾನೇ ಕಾದಿದ್ದು ಕರೆತರುತ್ತೇನೆ. ಅದರಿಂದ ಏನೂ ತೀರುವುದಿಲ್ಲ, ನನಗೆ ಗೊತ್ತಿದೆ.

ಕಳೆದ ಯುಗಾದಿಗೆ ರತ್ನ ತವರಿಗೆ ಬಂದಿದ್ದಳು, ಮಗಳನ್ನು ಎತ್ತಿಕೊಂಡು. ಮೊದಲಿನಷ್ಟು ನಗುವುದಿಲ್ಲ. "ನಿಂಗೆ ಅವತ್ತು ಬಸ್ಸು ತಡ ಆಗದೆ ಇದ್ದಿದ್ರೆ ನಾನೂ ಟೀಚರ್ ಆಗ್ತಿದ್ದೆ ಕಣೇ," ಎಂದಳು, ಮಗಳ ಜಡೆ ಹೆಣೆಯುತ್ತ, ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲದೆ. ಆಗ ಹೇಳಿಬಿಡಬೇಕಿತ್ತು. ಆದರೆ ಆ ಮನೆಯೊಂದು ಬಿಟ್ಟರೆ ಈ ಊರಿನವರಲ್ಲಿ ನನ್ನನ್ನು ತಮ್ಮವಳು ಎನ್ನುವವರಿಲ್ಲ. "ಹೌದು ಕಣೇ," ಎಂದೆ.

ಈ ಸಂಚಿಕೆ ಹೊಸಪೇಟೆಯಲ್ಲಿ ಅಚ್ಚಾಗುತ್ತದೆ, ಅಲ್ಲೇ ಓದುತ್ತೀರಿ. ಇಲ್ಲಿಗೆ ಬರುವುದಿಲ್ಲ. ಅದು ಗೊತ್ತಿದ್ದೇ ಬರೆದೆ.